ಬಳೆಗೈ ಹೊಡೆದ ತಾರು

ನನ್ನ ಗಂಡ ತಾರಿನ ಪರೀಕ್ಷೆಯಲ್ಲಿ ಫೇಲಾದದ್ದು ನನ್ನಿಂದ. ನಮ್ಮ ಕೇರಿಯವರು ಅದನ್ನು ಅವರ ಗ್ರಹಚಾರ ಅಂದುಕೊಂಡರು, ಅವರ ಅಕ್ಕತಂಗಿಯರು ಪರೀಕ್ಷೆ ಮಾಡಿದ ಬಿಳಿ ದೊರೆಯದೇ ತಪ್ಪು ಅಂದರು. ಗ್ರಹಚಾರವೂ ಅಲ್ಲ, ದೊರೆಯೂ ಅಲ್ಲ. ನಾನು. ಈಗ ಅವರೂ ಇಲ್ಲ, ನಮ್ಮತ್ತೆಯೂ ಇಲ್ಲ, ಹೆದರಿಕೆ ಕಳೆದ ಮೇಲೆ ಈ ಮುದುಕಿ ಬಾಯಿಬಿಟ್ಟಳು ಅಂತ ತಿಳಿಯಬೇಡಿ. ಅವರಿದ್ದಾಗಲೂ ನಾನು ಹೆದರಿದವಳಲ್ಲ. ಬರೆಯುವುದಕ್ಕೆ ಪುರುಸೊತ್ತು ಸಿಕ್ಕಿದ್ದು ಮಾತ್ರ ಈಗ.

ನನ್ನ ತವರು ಹಿರಿಯೂರಿನ ಕಡೆ, ಆದಿವಾಲ. ಅಪ್ಪ ಹತ್ತಿ ಬೆಳೆಯುತ್ತಿದ್ದರು. ಅಣ್ಣಂದಿರಿಗೆ ಅಕ್ಷರ ಹೇಳಿಕೊಡಲು ಮಠದ ಅಯ್ಯನವರು ಬರುತ್ತಿದ್ದರು. ನಾನು ಪಕ್ಕದಲ್ಲಿ ರಾಟೆ ತಿರುಗಿಸುತ್ತಾ ಕೂತು, ಅವರಿಗಿಂತ ಮೊದಲೇ ಕಲಿತುಬಿಟ್ಟೆ. ಮದುವೆಯಾಗಿ ದುರ್ಗಕ್ಕೆ ಬಂದಾಗ ನನ್ನ ಗಂಡ ಅಂಚೆ ಕಚೇರಿಯ ಗುಮಾಸ್ತರು. ಕಿಟಕಿಯ ಹಿಂದೆ ಕೂತು ಪಾರ್ಸಲ್ಲು ತೂಗುವುದು, ಮುದ್ರೆ ಒತ್ತುವುದು, ಅಷ್ಟೇ. ಪಕ್ಕದ ಕೋಣೆಯಲ್ಲಿ ಟೆಲಿಗ್ರಾಂ ಕಳಿಸುವ ತಾರಿನ ಯಂತ್ರವಿತ್ತು. ಅಲ್ಲಿ ಕೂರುವವನಿಗೆ ಊರು ಕೊಡುವ ಮರ್ಯಾದೆ ನೋಡಿ ನೋಡಿ ಇವರಿಗೆ ಹೊಟ್ಟೆ ಉರಿ. ಗಂಡನನ್ನು 'ಅವರು', 'ಇವರು' ಅಂತಲೇ ಬರೆಯುತ್ತೇನೆ, ಪದ್ಧತಿ. ಮನಸ್ಸಿನಲ್ಲಿ ಏನೆನ್ನುತ್ತಿದ್ದೆನೋ ಅದನ್ನು ಕಾಗದದ ಮೇಲೆ ಹಾಕುವ ಹಾಗಿಲ್ಲ.

ಜರ್ಮನಿ ಯುದ್ಧ ಮುಗಿದು ಎರಡು ಮೂರು ವರ್ಷವಾಗಿತ್ತು. ಒಂದು ದಿನ ಇವರು ಮೈಯೆಲ್ಲ ಕಾಲಾಗಿ ಮನೆಗೆ ಬಂದರು. ಕಂಬವಿಲ್ಲದೆ, ತಂತಿಯಿಲ್ಲದೆ, ಗಾಳಿಯಲ್ಲೇ ತಾರು ಹೋಗುತ್ತದಂತೆ. ಅದು ಕಿವಿಗೆ ಗುಂಯ್ ಗುಂಯ್ ಅಂತ ಕೇಳಿಸುತ್ತದಂತೆ. ಗಿಡ್ಡ ಗುಂಯ್ ಒಂದು ಚುಕ್ಕಿ, ಉದ್ದ ಗುಂಯ್ ಒಂದು ಗೆರೆ, ಚುಕ್ಕಿ ಗೆರೆ ಸೇರಿ ಒಂದು ಇಂಗ್ಲಿಷ್ ಅಕ್ಷರ. ಕೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳುವವರಿಗೆ ಬೆಂಗಳೂರಿನ ದಂಡಿನಲ್ಲಿ ಪರೀಕ್ಷೆ ಇಟ್ಟಿದ್ದಾರಂತೆ, ಪಾಸಾದವರಿಗೆ ಅಲ್ಲೇ ಕೆಲಸವಂತೆ. "ಇನ್ನು ಪಾರ್ಸಲ್ ತೂಗೋದು ಸಾಕಪ್ಪಾ ಸಾಕು" ಅಂತ ರುಮಾಲು ತೆಗೆದು ಗೂಟಕ್ಕೆ ಎಸೆದರು. ಅದು ಗೂಟಕ್ಕೆ ಸಿಕ್ಕದೆ ನೆಲಕ್ಕೆ ಬಿತ್ತು. ಎತ್ತಿಟ್ಟವಳು ನಾನು.

ಕಿವಿ ಪಳಗಿಸುವುದಕ್ಕೆ ಒಂದು ಗುಂಯ್ ಯಂತ್ರ ಬೇಕಿತ್ತು. ಇವರು ಅದಕ್ಕೆ ಬಜರ್ ಅನ್ನುತ್ತಿದ್ದರು. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ನಾವೇ ಮಾಡಿಕೊಳ್ಳಬೇಕು. ಬೆರಳುದ್ದದ ಕಬ್ಬಿಣದ ತುಂಡಿಗೆ ನೂಲು ಹೊದಿಸಿದ ತಾಮ್ರದ ತಂತಿ ಸುತ್ತಬೇಕು. ಅದರ ಎದುರಿಗೆ ಬಿಸ್ಕತ್ತಿನ ಡಬ್ಬಿಯಿಂದ ಕತ್ತರಿಸಿದ ತಗಡಿನ ನಾಲಗೆ, ನಾಲಗೆಯ ಬೆನ್ನಿಗೆ ತಾಗಿಕೊಂಡಂತೆ ಒಂದು ತಿರುಪಿನ ಮೊಳೆ. ಕರೆಂಟು ಹರಿದಾಗ ಕಬ್ಬಿಣ ನಾಲಗೆಯನ್ನು ಎಳೆಯುತ್ತದೆ. ಎಳೆದ ಕೂಡಲೇ ಅದು ಮೊಳೆಯಿಂದ ಬಿಟ್ಟುಕೊಂಡು ಕರೆಂಟು ನಿಲ್ಲುತ್ತದೆ. ನಾಲಗೆ ಹಿಂದಕ್ಕೆ ಬಂದು ಮತ್ತೆ ಮೊಳೆಗೆ ತಾಗುತ್ತದೆ. ಹೀಗೆ ಕಣ್ಣಿಗೆ ಕಾಣದಷ್ಟು ಬೇಗ ಬಡಿದುಕೊಳ್ಳುವುದೇ ಆ ಗುಂಯ್.

ಇವರು ಸುತ್ತಿದ ತಂತಿ ಕೋಳಿ ಕೆದರಿದ ತಿಪ್ಪೆಯ ಹಾಗಿತ್ತು. ಯಂತ್ರ ಒಂದು ಸಲ ಟಕ್ ಅಂದು ಸುಮ್ಮನಾಯಿತು. ಮೂರು ದಿನ ಒದ್ದಾಡಿದರು. ನಾಲ್ಕನೆಯ ದಿನ ಇವರು ಕಚೇರಿಗೆ ಹೋದ ಮೇಲೆ ನಾನು ಅಷ್ಟೂ ತಂತಿಯನ್ನು ಬಿಚ್ಚಿ, ಕದಿರಿಗೆ ನೂಲು ಸುತ್ತುವ ಹಾಗೆ ಎಳೆಗೆ ಎಳೆ ಒತ್ತಿ ಸುತ್ತಿದೆ. ಕರೆಂಟಿಗೆಂದು ಇವರು ಕಚೇರಿಯಲ್ಲಿ ಬಿಸಾಕಿದ್ದ ಎರಡು ಗಾಜಿನ ಜಾಡಿ ತಂದಿದ್ದರು, ಒಳಗೆ ಸತುವಿನ ಕಡ್ಡಿ, ಇದ್ದಿಲ ಗಟ್ಟಿ. ಅದಕ್ಕೆ ತುಂಬಲು ನವಸಾಗರ ಅನ್ನುವ ಉಪ್ಪಿನ ನೀರು ಬೇಕು. ನವಸಾಗರ ಎಲ್ಲಿ ಸಿಗುತ್ತದೆ ಅಂತ ಬೆಂಗಳೂರಿಗೆ ಕಾಗದ ಬರೆಯಲು ಕೂತಿದ್ದ ಮಹರಾಯರಿಗೆ, ಪಾತ್ರೆಗೆ ಕಲಾಯಿ ಹಾಕುವ ಸಾಬರ ಚೀಲದಲ್ಲೇ ಅದು ಇರುತ್ತದೆ ಅಂತ ಹೇಳಿದವಳೂ ನಾನೇ. ಜಾಡಿಗೆ ಮತ್ತೆ ನೀರು ತುಂಬಿ, ತಿರುಪನ್ನು ಉಗುರಿನಷ್ಟು ತಿರುಗಿಸಿದೆ. ಗುಂಯ್! ಒಳಗಿದ್ದ ನಮ್ಮತ್ತೆ ಹೆದರಿ ಹೊರಗೆ ಓಡಿ ಬಂದರು. "ಇದೇನೇ ಇದು, ಜೀರುಂಡೆ ಹೊಕ್ಕಂಡಂಗೈತೆ!" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಜೀರುಂಡೆ.

ನೋಡಲು ಬಂದವರಿಗೆಲ್ಲ ಇವರು ಹೇಳಿದ್ದು, "ನಾನು ಮಾಡಿದ್ದು ಕಣ್ರಿ" ಅಂತ. ನಾನು ಮಜ್ಜಿಗೆ ತಂದುಕೊಟ್ಟೆ. ಅವತ್ತು ನನಗೆ ಕೋಪ ಬರಲಿಲ್ಲ. ಗಂಡಸರೇ ಹಾಗೆ ಅಂದುಕೊಂಡು ನಕ್ಕೆ ಕೂಡ.

ಕಲಿಯುವವನು ತಾನೇ ಹೊಡೆದು ತಾನೇ ಕೇಳಿದರೆ ಏನೂ ಬಾರದು. ಬೇರೆಯವರು ಹೊಡೆಯಬೇಕು, ಇವನು ಬರೆಯಬೇಕು. ಮನೆಯಲ್ಲಿ ಬೇರೆಯವರು ಯಾರಿದ್ದಾರೆ? ಅಚ್ಚು ಹಾಕಿದ ಒಂದು ಹಾಳೆ ತಂದು ನನ್ನ ಮುಂದಿಟ್ಟರು. ಇಪ್ಪತ್ತಾರು ಅಕ್ಷರ, ಒಂದೊಂದರ ಎದುರಿಗೂ ಚುಕ್ಕಿ ಗೆರೆ. ಅಂಗಳಕ್ಕೆ ರಂಗೋಲಿ ಹಾಕುವವಳಿಗೆ ಚುಕ್ಕಿ ಗೆರೆ ಒಂದು ಭಾರವೇ? ಎಂಟು ದಿನದಲ್ಲಿ ಬಾಯಿಪಾಠವಾಯಿತು, ಯಾವ ಅಕ್ಷರಕ್ಕೆ ಯಾವ ಸದ್ದು ಅನ್ನುವುದನ್ನೂ ಇವರ ಬಾಯಿಂದಲೇ ಕಲಿತೆ. ಬೆಳಿಗ್ಗೆ ಇವರು ಕಚೇರಿಗೆ ಹೋಗುವ ಮೊದಲು ಒಂದು ಗಂಟೆ, ಭಾನುವಾರ ಮಧ್ಯಾಹ್ನವೆಲ್ಲ, ನಾನು ಜೀರುಂಡೆ ಕೂರಿಸಿದ ಮಣೆಯ ಮುಂದೆ ಕೂತು, ಒತ್ತಿದರೆ ಗುಂಯ್ ಅನ್ನಿಸುವ ಹಿತ್ತಾಳೆ ಪಟ್ಟಿಯನ್ನು ಒತ್ತುತ್ತಿದ್ದೆ. ಇವರು ನನಗೆ ಬೆನ್ನು ಮಾಡಿ ಕೂತು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಪಟ್ಟಿ ಕಿಡಿ ಹಾರಿ ಕಪ್ಪಾದರೆ ಹುಣಸೆಹಣ್ಣಿನಿಂದ ಉಜ್ಜಿ ಒರೆಸುತ್ತಿದ್ದೆ, ತಂಬಿಗೆ ಬೆಳಗಿದ ಹಾಗೆ. ನನಗೆ ಇಂಗ್ಲಿಷು ಬರುತ್ತಿರಲಿಲ್ಲ, ಹಳೆಯ ಪೇಪರಿನಲ್ಲಿ ಕಂಡ ಅಕ್ಷರಗಳನ್ನು ಸಾಲಾಗಿ ಹೊಡೆಯುತ್ತಿದ್ದೆ. ಒಂದು ಅಕ್ಷರ ಮುಗಿದ ಮೇಲೆ ಮಣಿಕಟ್ಟನ್ನು ಒಂದಿಷ್ಟು ಎತ್ತಿ ಇಳಿಸುವುದು ನನ್ನ ರೂಢಿ. ಎತ್ತಿದಾಗ ಕೈತುಂಬ ಇದ್ದ ಗಾಜಿನ ಬಳೆ ಜಲ್ ಅನ್ನುತ್ತಿತ್ತು. ಎರಡು ತಿಂಗಳಿಗೆ ಇವರು ಹತ್ತಕ್ಕೆ ಒಂಬತ್ತು ಅಕ್ಷರ ಸರಿಯಾಗಿ ಹಿಡಿಯುವಂತಾದರು. ನಿಜ ಹೇಳುತ್ತೇನೆ, ನನಗೂ ಹೆಮ್ಮೆಯಾಗಿತ್ತು.

ಇಷ್ಟರಲ್ಲಿ ಒಂದು ಭಾನುವಾರ ನಾನು ಜಾಡಿಗೆ ಹೊಸ ನವಸಾಗರದ ನೀರು ಹುಯ್ಯುತ್ತಿದ್ದೆ. ನಮ್ಮತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, ಸಂತೆಗೆ ಏನು ತರಬೇಕು ಅನ್ನುವ ದನಿಯಲ್ಲಿ ಮಗನಿಗೆ ಹೇಳಿದರು. "ಹೊಸದುರ್ಗದೋರು ಒಪ್ಪವ್ರೆ ಕಣಪ್ಪ. ಹುಡುಗ ಬೆಂಗ್ಳೂರ್ ಪರೀಕ್ಷೆ ಪಾಸಾಗ್ಲಿ, ಅವತ್ತೇ ವೀಳ್ಯ ಇಡಾಣ ಅಂದ್ರು. ಆರ್ ವರ್ಷ ಆತು, ಇವ್ಳ್ ಹೊಟ್ಟೇಲಿ ಒಂದ್ ಹುಳ ಹುಟ್ಲಿಲ್ಲ. ಇನ್ನೆಷ್ಟು ಕಾಯಾಣ?"

ಹೊಸದುರ್ಗದವರು ಅಂದರೆ ಒಬ್ಬ ಕೊಬ್ಬರಿ ವ್ಯಾಪಾರಿ. ಮದುವೆಗೆ ಬಂದ ಮಗಳಿದ್ದಳು. ನನ್ನ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. ಇವರ ಮುಖ ನೋಡಿದೆ. ಇವರಿಗೆ ಇದು ಹೊಸ ಸುದ್ದಿಯಲ್ಲ ಅಂತ ಆ ಮುಖವೇ ಹೇಳಿತು. "ಪಾಸಾಗ್ಲಿ ತಡಿಯವ್ವ, ಆಮೇಲೆ ನೋಡಾಣ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಯಾರೂ ಮನೆ ಬಿಟ್ಟು ಓಡ್ಸಲ್ಲ ಕಣೆ. ಅವ್ವನ್ ಜತೆ ಇಲ್ಲೇ ಇರ್ತೀಯ. ಅತ್ತುಗಿತ್ತು ರಂಪ ಮಾಡಬ್ಯಾಡ. ಇನ್ಮ್ಯಾಲೆ ದಿನಾ ಇನ್ನೊಂದು ಗಂಟೆ ಜಾಸ್ತಿ ಹೊಡಿ, ಪರೀಕ್ಷೆ ಹತ್ರ ಬಂತು" ಅಂದರು.

ಕೇಳಿದಿರಾ? ನನಗೆ ಸವತಿ ತರುವ ಪರೀಕ್ಷೆಗೆ ನಾನೇ ಇನ್ನೊಂದು ಗಂಟೆ ಜಾಸ್ತಿ ಹೊಡೆಯಬೇಕು! ಅಳಲಿಲ್ಲ. ಅತ್ತರೆ ಅವರು ಗೆದ್ದ ಹಾಗೆ. ಹಲ್ಲು ಕಚ್ಚಿಕೊಂಡು ಮಣೆಯ ಮುಂದೆ ಕೂತು ಹೊಡೆದೆ. ನಿನ್ನ ಪರೀಕ್ಷೆ ಮಣ್ಣುಪಾಲಾಗಲಿ ಅಂತ ಒಂದೊಂದು ಗೆರೆಗೂ ಒಂದೊಂದು ಶಾಪ ಹಾಕುತ್ತಾ ಹೊಡೆದೆ. ಆದರೆ ಶಾಪದಿಂದ ಯಾರು ಫೇಲಾಗುತ್ತಾರೆ? ಬೇಕೆಂದೇ ತಪ್ಪು ಅಕ್ಷರ ಹೊಡೆಯೋಣವೆಂದರೆ ಇವರು ಕೊನೆಗೆ ಪೇಪರಿನ ಜತೆ ತಾಳೆ ನೋಡುತ್ತಿದ್ದರು, ಸಿಕ್ಕಿಬೀಳುತ್ತಿದ್ದೆ.

ದಾರಿ ತಾನಾಗಿಯೇ ಸಿಕ್ಕಿತು. ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟು ಮೆತ್ತದಿರಲಿ ಅಂತ ಬಳೆಗಳನ್ನೆಲ್ಲ ಮೊಣಕೈಯತ್ತ ಸರಿಸಿ ಬಟ್ಟೆಯ ಚೂರು ಕಟ್ಟಿಕೊಂಡಿದ್ದೆ. ಇವರು, "ಲೇ, ಹೊತ್ತಾತು, ಬಾರೆ" ಅಂತ ಕೂಗಿದರು. ಕೈ ಒರೆಸಿಕೊಂಡು, ಕಟ್ಟು ಬಿಚ್ಚುವುದನ್ನು ಮರೆತು, ಹಾಗೇ ಹೋಗಿ ಕೂತು ಹೊಡೆದೆ. ಎರಡು ಸಾಲು ಹೊಡೆದಿರಬೇಕು. ಇವರು ಪೆನ್ಸಿಲ್ಲು ಎಸೆದು ತಿರುಗಿದರು. "ಏನೇ ಇದು, ಎಮ್ಮೆ ತುಳಿದಂಗೆ ಹೊಡೀತೀಯಾ? ಒಂದಕ್ಷರಕ್ಕೂ ಇನ್ನೊಂದಕ್ಕೂ ಸಂದೇ ಇಲ್ಲ!" ಹಾಳೆ ನೋಡಿದೆ. ಹತ್ತಕ್ಕೆ ಎರಡೂ ಸರಿಯಿರಲಿಲ್ಲ.

ನಾನು ಎಂದಿನ ಹಾಗೇ ಹೊಡೆದಿದ್ದೆ. ಸಂದೂ ಎಂದಿನಷ್ಟೇ ಇತ್ತು. ಇಲ್ಲದಿದ್ದದ್ದು ಬಳೆಯ ಸದ್ದು. ಬಟ್ಟೆ ಬಿಚ್ಚಿ, ಬಳೆಗಳನ್ನು ಮಣಿಕಟ್ಟಿಗೆ ಇಳಿಸಿ, ಅದೇ ಎರಡು ಸಾಲು ಮತ್ತೆ ಹೊಡೆದೆ. ಒಂದೂ ತಪ್ಪಿಲ್ಲದೆ ಬರೆದರು. "ಹಿಂಗೆ ಹೊಡೀಬೇಕು" ಅಂತ ನನಗೇ ಬುದ್ಧಿ ಹೇಳಿದರು.

ಆಗ ನನಗೆ ತಿಳಿಯಿತು. ಈ ಮನುಷ್ಯನ ಕಿವಿ ಅಕ್ಷರ ಎಲ್ಲಿ ಮುಗಿಯಿತು ಅನ್ನುವುದನ್ನು ಗುಂಯ್ ನಿಂತದ್ದರಿಂದ ಹಿಡಿಯುತ್ತಿಲ್ಲ, ಬಳೆ ಜಲ್ ಅಂದದ್ದರಿಂದ ಹಿಡಿಯುತ್ತಿದೆ. ಬೆಂಗಳೂರಿನ ದೊರೆ ಬಳೆ ತೊಟ್ಟು ಕೂರುತ್ತಾನೆಯೇ? ಒಲೆಯ ಮುಂದೆ ಬಂದು ಕೂತು, ರೊಟ್ಟಿ ಸೀದದ್ದನ್ನೂ ಗಮನಿಸದೆ, ಒಬ್ಬಳೇ ನಕ್ಕೆ. ಆರು ವರ್ಷದಲ್ಲಿ ಅಷ್ಟು ಸಂತೋಷ ನನಗೆ ಆಗಿರಲಿಲ್ಲ.

ನನ್ನ ಗುಟ್ಟು ಒಂದೇ ಒಂದು ಸಲ ಬಯಲಾಗುವುದರಲ್ಲಿತ್ತು. ಹೊಳಲ್ಕೆರೆಯ ರೈಲು ಸ್ಟೇಷನ್ನಿನಲ್ಲಿ ತಾರು ಹೊಡೆದು ನಿವೃತ್ತರಾದ ಒಬ್ಬ ಹಿರಿಯರು ನಮ್ಮ ಮಾವನವರಿಗೆ ಸ್ನೇಹಿತರಾಗಿದ್ದರು. ದುರ್ಗಕ್ಕೆ ಬಂದವರು ಊಟಕ್ಕೆ ಉಳಿದರು. ಇವರು ಜಂಬ ತೋರಿಸಲು ನನ್ನನ್ನು ಜೀರುಂಡೆಯ ಮುಂದೆ ಕೂರಿಸಿದರು. ಹಿರಿಯರು ಗೋಡೆಗೊರಗಿ ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನನ್ನ ಕೈಯನ್ನೇ ನೋಡಿದರು.

"ತಮ್ಮಾ, ನಿನ್ ಕಿವಿ ಬಳೆ ಸದ್ದಿಗೆ ಒಗ್ಗೋಗೈತೆ ಕಣಪ್ಪ. ಈ ತಾಯಿ ಬಳೆ ತೆಗ್ದಿಟ್ಟು ಹೊಡೀಲಿ, ಆಗ ಬರಿ ನೋಡಾಣ. ಇಲ್ಲಾಂದ್ರೆ ಹೊಳಲ್ಕೆರೆಗೆ ಬಾ, ನನ್ ಕೈ ಕೇಳು. ನಾಕು ಜನದ ಕೈ ಕೇಳ್ದೆ ಪರೀಕ್ಷೆಗೆ ಹೋಗಬ್ಯಾಡ."

ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ನಡುಮನೆಯಿಂದ ನಮ್ಮತ್ತೆ ಎದ್ದು ಬಂದರು. "ಏನ್ರಿ ಯಜಮಾನ್ರೇ, ಗಂಡ ಗುಂಡ್‌ಕಲ್ಲಿನಂಗೆ ಮುಂದೆ ಕುಂತವ್ನೆ, ಇವ್ಳು ಬಳೆ ತೆಗೀಬೇಕಾ? ಬಿಡ್ತು ಅನ್ರಿ! ನನ್ ಮಗ ಪರೀಕ್ಷೆಗೆ ಹೋಗೋ ಹೊತ್ನಾಗೆ ಮುತ್ತೈದೆ ಬರಿಗೈ ಮಾಡ್ಕಂಡು ಕುಂತ್ರೆ ಉದ್ಧಾರ ಆದಂಗೆ!"

"ಬಿಡ್ತು ಬಿಡ್ತು" ಅಂದರು ಹಿರಿಯರು, ಪಾಪ. ಇವರೂ ನಗಾಡಿದರು. "ನಿಮ್ದು ಹಳೇ ಟಕಾಟಕಿ ತಾರು ಯಜಮಾನ್ರೇ, ಇದು ಹೊಸಾದು. ನನ್ ಕಿವಿ ನಂಗೊತ್ತೈತೆ, ಊಟಕ್ಕೇಳ್ರಿ" ಅಂದರು.

ಬಳೆ ತೆಗೆಯಲೇಬೇಕಾಗಿರಲಿಲ್ಲ. ರೊಟ್ಟಿ ತಟ್ಟುವಾಗ ಕಟ್ಟಿಕೊಳ್ಳುವ ಹಾಗೆ ಮೇಲಕ್ಕೆ ಸರಿಸಿ ಕಟ್ಟಿದ್ದರೆ ಶಾಸ್ತ್ರವೂ ಉಳಿಯುತ್ತಿತ್ತು, ಪಾಠವೂ ಆಗುತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹಿರಿಯರಿಗೆ ಇನ್ನೊಂದು ಸೌಟು ತುಪ್ಪ ಬಡಿಸಿದೆ. ಮುಂದಿನ ವಾರ ಬಳೆಗಾರ ಬಂದಾಗ ಎರಡು ಕೈಗೂ ಇನ್ನೊಂದೊಂದು ಡಜನ್ ತೊಡಿಸಿಕೊಂಡೆ. "ಈಗ ದಾರಿಗೆ ಬಂದ್ಲು" ಅಂತ ನಮ್ಮತ್ತೆ ಮೆಚ್ಚಿಕೊಂಡರು. ಆ ಬಳೆಗಳನ್ನು ಒಂದೊಂದು ಅಕ್ಷರದ ಕೊನೆಗೂ ಜಲ್ಲೆನಿಸಿ, ಅಲ್ಪಸ್ವಲ್ಪ ತಾನಾಗಿ ಕೇಳುತ್ತಿದ್ದ ಕಿವಿಯನ್ನೂ ಚೆನ್ನಾಗಿ ಕೆಡಿಸಿದೆ. ಕೊನೆಯ ವಾರ ಇವರು ಒಂದಕ್ಷರವೂ ತಪ್ಪುತ್ತಿರಲಿಲ್ಲ. "ರ್‍ಯಾಂಕ್ ಬಂದ್ರೂ ಬಂತೇ" ಅಂತ ಕುಣಿದರು. "ಬರ್ಲಿ ಬಿಡ್ರಿ" ಅಂದೆ.

ಹೊಳಲ್ಕೆರೆಗೆ ಗಾಡಿ ಕಟ್ಟಿಸಿಕೊಂಡು ಹೋಗಿ ರೈಲು ಹತ್ತಿದರು. ಹೊರಡುವಾಗ ನಮ್ಮತ್ತೆ ನನ್ನ ಕೈಯಲ್ಲೇ ಆರತಿ ಎತ್ತಿಸಿದರು. ಎತ್ತಿದೆ. ಇವರು ಊರಲ್ಲಿಲ್ಲದ ಅಷ್ಟೂ ದಿನ ದೇವರಿಗೆ ದೀಪ ಹಚ್ಚಿ, ಫೇಲಾಗಲಿ ಶಿವನೇ ಅಂತ ಬೇಡಿಕೊಂಡೆ. ಪಕ್ಕದಲ್ಲಿ ಕೂತು ನಮ್ಮತ್ತೆ ಪಾಸಾಗಲಿ ಅಂತ ಬೇಡಿಕೊಂಡರು. ಶಿವ ನನ್ನ ಮಾತು ಕೇಳಿದ.

ಮುಖ ಇಳಿಬಿಟ್ಟುಕೊಂಡು ಬಂದರು. ಕಾಲು ತೊಳೆಯುವ ಮೊದಲೇ ಶುರು ಮಾಡಿದರು. ಆ ದೊರೆಯ ಕೈ ಸರಿಯಿಲ್ಲ, ಎಲ್ಲ ಒಂದೇ ಸಮ ಗುಂಯ್ ಅಂತ ಹರಿದುಹೋಯಿತು, ಎಲ್ಲಿ ಶುರು ಎಲ್ಲಿ ಕೊನೆ ಒಂದೂ ತಿಳಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಒಳಗೆ ನಿಂತು ಕೇಳಿದೆ. ಉಂಡಷ್ಟು ತೃಪ್ತಿಯಾಯಿತು. ಆದರೆ ಆ ತೃಪ್ತಿ ಮರುದಿನದವರೆಗೂ ಉಳಿಯಲಿಲ್ಲ. ಆರು ತಿಂಗಳಿಗೆ ಇನ್ನೊಂದು ಪರೀಕ್ಷೆ ಇದೆಯಂತೆ. ಹೊಸದುರ್ಗದ ಕೊಬ್ಬರಿ ವ್ಯಾಪಾರಿ, "ಆಗ್ಲಿ, ಇನ್ನೊಂದ್ಸಲ ಕಾಯ್ತೀವಿ" ಅಂತ ಹೇಳಿ ಕಳಿಸಿದ.

ಬುದ್ಧಿಯಿದ್ದವಳಾಗಿದ್ದರೆ ಸುಮ್ಮನೆ ಮತ್ತೆ ಬಳೆ ಅಲ್ಲಾಡಿಸುತ್ತಾ ಕೂರುತ್ತಿದ್ದೆ. ಇನ್ನೊಂದು ಸಲ ಫೇಲು ಮಾಡುತ್ತಿದ್ದೆ, ಹಾವೂ ಸಾಯುತ್ತಿತ್ತು, ಕೋಲೂ ಮುರಿಯುತ್ತಿರಲಿಲ್ಲ. ಆದರೆ ಭಾನುವಾರ ಪೆನ್ಸಿಲ್ಲು ಹಿಡಿದು ಕೂತ ಇವರು, ಜಗಲಿಯ ಮೇಲಿದ್ದ ತಾಯಿಗೆ ಕೇಳುವ ಹಾಗೆ ಹೇಳಿದರು. "ಎಲ್ಲಾ ಇವ್ಳಿಂದ್ಲೇ ಕಣವ್ವ. ಆದಿವಾಲದ್ ಹೊಲದಾಗೆ ಹತ್ತಿ ಬಿಡ್ಸೋ ಕೈಯಿಂದ ತಾರು ಕಲೀತೀನಿ ಅಂತ ಹೋದೆನಲ್ಲ, ನಂಗೆ ಬುದ್ಧಿ ಇಲ್ಲ."

ತಂತಿ ಸುತ್ತಿದ ಕೈ ಇದು. ಜೀರುಂಡೆಗೆ ದನಿ ಕೊಟ್ಟ ಕೈ ಇದು. ನಾನು ಮನಸ್ಸಿಟ್ಟು ಕೆಡಿಸಿದ್ದನ್ನು ಈತ ನನ್ನ ಕೈಲಾಗದ ಕೆಲಸ ಅಂತಾನಲ್ಲ! ಸೇಡು ತೀರಿಸಿಕೊಂಡದ್ದು ಅವನಿಗೆ ಗೊತ್ತೇ ಆಗದಿದ್ದರೆ ಅದೆಂಥ ಸೇಡು? ನೋಡಿ, ಸಿಟ್ಟಿನಲ್ಲಿ 'ಅವನು' ಅಂತ ಬರೆದುಬಿಟ್ಟೆ. ಇರಲಿ ಬಿಡಿ.

"ಹೊಡಿ" ಅಂದರು, ಬೆನ್ನು ತಿರುಗಿಸಿ.

ಹೊಡೆದೆ. ಪೇಪರು ನೋಡಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು, ಒಂದೊಂದಾಗಿ, ನಿಧಾನವಾಗಿ, ಪ್ರತಿ ಅಕ್ಷರಕ್ಕೂ ಬಳೆ ಜಲ್ಲೆನಿಸಿ ಹೊಡೆದೆ. 'ಬೆಂಗಳೂರಲ್ಲಿ ಬಳೆ ಇರಲಿಲ್ಲ. ಅದಕ್ಕೆ ಫೇಲಾದಿರಿ. ನನಗೆ ಮೊದಲೇ ಗೊತ್ತಿತ್ತು. ಸವತಿ ಬರಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದೆ.' ಪೆನ್ಸಿಲ್ಲು ಎಲ್ಲೂ ನಿಲ್ಲದೆ ಓಡಿತು. ಬರೆಯುವಾಗ ಇವರು ಅರ್ಥ ನೋಡುವವರಲ್ಲ. ಮುಗಿದ ಮೇಲೆ ಹಾಳೆ ಎತ್ತಿಕೊಂಡು ತುಟಿ ಅಲ್ಲಾಡಿಸುತ್ತಾ ಓದಿದರು. ಒಂದಕ್ಷರವೂ ತಪ್ಪಿರಲಿಲ್ಲ.

ಕೈ ಎತ್ತಿ ನನಗೆ ಹೊಡೆಯುತ್ತಾರೆ ಅಂದುಕೊಂಡೆ. ಕಿವಿಯವರೆಗೆ ಕೆಂಪಾದರು. "ಸುಳ್ಳು" ಅಂದರು. ದನಿ ಗಂಟಲಲ್ಲೇ ಇತ್ತು, ತಾಯಿಗೆ ಕೇಳಿಸಬಾರದಲ್ಲ. "ಬಳೆಯಂತೆ ಬಳೆ! ಮ್ಯಾಲಕ್ ಕಟ್ಟೇ ಅದನ್ನ. ಈಗ ಹೊಡಿ, ನೋಡಾಣ."

ಅಷ್ಟೂ ಬಳೆಯನ್ನು ಮೊಣಕೈಗೆ ಸರಿಸಿ, ಸೆರಗಿನ ತುದಿ ಹರಿದು ಬಿಗಿದೆ. ಬೈಗುಳ ಹೊಡೆಯೋಣ ಅಂತಲೇ ಪಟ್ಟಿಯ ಮೇಲೆ ಬೆರಳಿಟ್ಟೆ. ಯಾಕೋ ಬೈಗುಳ ಬರಲಿಲ್ಲ. ಬಂದದ್ದು ಇದು: 'ಎರಡನೇ ಮದುವೆ ಮಾಡಿಕೊಳ್ಳಲೇ ಅಂತ ನನ್ನನ್ನು ಒಂದು ಮಾತು ಕೇಳಿದ್ದಿದ್ದರೆ, ಅತ್ತುಕೊಂಡಾದರೂ ನಿಮ್ಮನ್ನು ಪಾಸು ಮಾಡಿಸುತ್ತಿದ್ದೆ.' ಅಕ್ಷರ ಅಕ್ಷರಕ್ಕೂ ಸರಿಯಾದ ಸಂದು ಬಿಟ್ಟು, ಆ ದೊರೆಗಿಂತ ಶುದ್ಧವಾಗಿ ಹೊಡೆದೆ. ಇವರ ಬೆನ್ನು ನೋಡುತ್ತಾ ಹೊಡೆದೆ. ಪೆನ್ಸಿಲ್ಲು ಎರಡು ಸಲ ಮುಂದಕ್ಕೆ ಹೋಯಿತು, ನಿಂತಿತು. ಮತ್ತೆ ಹೋಗಲಿಲ್ಲ. ನಾನು ನಿಲ್ಲಿಸಿದ ಮೇಲೂ ಇವರು ಇನ್ನೂ ಬರುತ್ತದೇನೋ ಅನ್ನುವ ಹಾಗೆ ತಲೆ ಬಗ್ಗಿಸಿ ಕೂತೇ ಇದ್ದರು.

"ಏನ್ ಹೊಡೆದಿ?" ಅಂದರು, ತಿರುಗದೆ.

ನಾನು ಎದ್ದು ಒಳಗೆ ಹೋದೆ.

ಮರುದಿನ ಹೊಸದುರ್ಗಕ್ಕೆ ಇವರೇ ಕಾಗದ ಬರೆದರು, ಬೇರೆ ಕಡೆ ನೋಡಿಕೊಳ್ಳಿ ಅಂತ. ಯಾಕೆ ಬರೆದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪರೀಕ್ಷೆಗೆ ಮತ್ತೆ ಹೋಗಲಿಲ್ಲ. ಕೊನೆಯವರೆಗೂ ಪಾರ್ಸಲ್ಲು ತೂಗಿದರು. ನಮಗೆ ಮಕ್ಕಳಾಗಲಿಲ್ಲ. ಆದರೆ ವರ್ಷಕ್ಕೊಮ್ಮೆಯೋ ಎರಡು ಸಲವೋ, ಉಣ್ಣುತ್ತಾ ಕೂತವರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು, "ಅವತ್ತು ಬಳೆ ಕಟ್ಕಂಡು ಏನ್ ಹೊಡೆದಿ? ಹೇಳೇ." ತೀರಿಕೊಳ್ಳುವ ಹಿಂದಿನ ವಾರ, ಮಲಗಿದ್ದಲ್ಲಿಂದಲೂ ಕೇಳಿದರು. ನನ್ನ ಕೈ ಹಿಡಿದುಕೊಂಡಿದ್ದರು.

"ಯಾವ್ದೋ ಪೇಪರ್ನಾಗಿದ್ ಇಂಗ್ಲಿಷು ಕಣ್ರಿ" ಅಂದೆ. "ನಂಗೇನ್ ಗೊತ್ತಾಗ್ತೈತೆ?"